ಗಿಡಕ್ಕೆ ಎಷ್ಟು ಜಾಗ ಬಿಡಬೇಕು, ಕುಡಿ ಎಲ್ಲಿ ಚಿವುಟಬೇಕು

ಗಿಡ ಸೊಂಪಾಗಿ ಬೆಳೆದಿದೆ, ಎಲೆ ಕಡು ಹಸಿರಾಗಿದೆ, ಆದರೆ ಕಾಯಿ ಮಾತ್ರ ಇಲ್ಲ ಅಂದಾಗ ಬಹಳ ಜನ ಗೊಬ್ಬರದ ಚೀಲಕ್ಕೆ ಕೈ ಹಾಕುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಎರಡಿದೆ. ಗಿಡಗಿಡದ ನಡುವೆ ಎಷ್ಟು ಜಾಗ ಬಿಟ್ಟಿದ್ದೀರಿ? ಕುಡಿಯನ್ನು ಸರಿಯಾದ ಕಡೆ, ಸರಿಯಾದ ಹೊತ್ತಿಗೆ ಚಿವುಟಿದ್ದೀರಾ? ಎರಡಕ್ಕೂ ಕಾಸಿನ ಖರ್ಚಿಲ್ಲ. ಆದರೂ ಹಿತ್ತಲಲ್ಲಾಗಲಿ ಹೊಲದಲ್ಲಾಗಲಿ ಇಳುವರಿ ಹೆಚ್ಚಾಗಿ ಕೈಬಿಟ್ಟು ಹೋಗುವುದು ಇಲ್ಲೇ.

ನಾಟಿ ಮಾಡುವ ದಿನ ಸಸಿ ಬೆರಳುದ್ದ ಇರುತ್ತದೆ. ಎರಡಡಿ ಬಿಟ್ಟರೆ ನೆಲ ದಂಡ ಅನ್ನಿಸಿ ನಡುವೆ ಇನ್ನೊಂದನ್ನು ಊರಿಬಿಡುತ್ತೇವೆ. ಸಸಿಗಳು ಇದಕ್ಕೆ ಪ್ರತಿಕ್ರಿಯೆ ಕೊಡುವುದು ಒಂದರ ನೆರಳು ಇನ್ನೊಂದರ ಮೇಲೆ ಬಿದ್ದ ಮೇಲಲ್ಲ, ಅದಕ್ಕೂ ಮೊದಲೇ. ಹಸಿರೆಲೆ ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿನಾಚೆಯ ಬೆಳಕನ್ನು ಪಕ್ಕಕ್ಕೆ ಚೆಲ್ಲುತ್ತದೆ. ಆ ಬೆಳಕು ತಾಗಿದೊಡನೆ ನೆರೆಯ ಗಿಡ ಮೇಲೇರುವ ಆತುರಕ್ಕೆ ಬೀಳುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಉದ್ದವಾಗುತ್ತದೆ, ಕಾಂಡ ಸಣ್ಣಗಾಗುತ್ತದೆ, ಪಕ್ಕದ ಕವಲು ನಿಲ್ಲುತ್ತದೆ. ಬೇರಿಗೂ ಹೂವಿಗೂ ಹೋಗಬೇಕಾದ ಆಹಾರ ಬರೀ ಎತ್ತರಕ್ಕೆ ಖರ್ಚಾಗುತ್ತದೆ. ಬುಡದ ಎಲೆ ಹಳದಿಯಾಗಿ, ಒಳಗೆ ಗಾಳಿಯಾಡದೆ ಬೂದಿ ರೋಗ, ಅಂಗಮಾರಿ ಸೇರಿಕೊಳ್ಳುತ್ತವೆ. ಇಂಥ ಗಿಡಕ್ಕೆ ಯೂರಿಯಾ ಕೊಟ್ಟರೆ ಎಲೆ ಇನ್ನಷ್ಟು ಒತ್ತಾಗುತ್ತದೆ, ಕಾಯಿ ಇನ್ನಷ್ಟು ಹಿಂದೆ ಬೀಳುತ್ತದೆ.

ಹಾಗಂತ ಅತಿ ಅಗಲವೂ ಒಳ್ಳೆಯದಲ್ಲ. ಬರಿ ನೆಲ ಬಿಸಿಲಿಗೆ ಕಾದು ತೇವ ಆರುತ್ತದೆ, ಕಳೆ ಎದ್ದು ನಿಲ್ಲುತ್ತದೆ, ಬಿದ್ದ ಬೆಳಕು ಯಾವ ಎಲೆಗೂ ಸಿಗದೆ ಮಣ್ಣು ಸೇರುತ್ತದೆ. ಅಂತರ ಸರಿಯಿದೆಯೇ ಅಂತ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಹೂ ಶುರುವಾಗುವ ಹೊತ್ತಿಗೆ, ನಡುಮಧ್ಯಾಹ್ನ, ಸಾಲುಗಳ ನಡುವೆ ನೆಲ ನೋಡಿ. ಬಹುಪಾಲು ನೆರಳಿದ್ದು ಅಲ್ಲಲ್ಲಿ ಬಿಸಿಲಿನ ಚುಕ್ಕೆ ಆಡುತ್ತಿದ್ದರೆ ಸರಿ. ಒಂದು ಚುಕ್ಕೆಯೂ ಇಲ್ಲದೆ ಕತ್ತಲಾಗಿದ್ದರೆ ಒತ್ತಾಯಿತು. ಅರ್ಧ ನೆಲ ಬೆತ್ತಲೆ ಕಂಡರೆ ಮುಂದಿನ ಸಲ ಗೇಣು ಹತ್ತಿರ ತನ್ನಿ.

ಅಳತೆಗೆ ಟೇಪು ಬೇಕಿಲ್ಲ. ಗೇಣು ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಅಡಿ, ಮೊಳ ಅಂದರೆ ಒಂದೂವರೆ ಅಡಿ. ಟೊಮೆಟೊ ಸಾಲಿನಿಂದ ಸಾಲಿಗೆ ಮೂರಡಿ, ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡಡಿ. ಬದನೆಗೆ ಎರಡೂವರೆ ಅಡಿ, ಎರಡಡಿ. ಮೆಣಸಿನಕಾಯಿಗೆ ಎರಡೂವರೆ ಅಡಿ, ಒಂದು ಮೊಳ. ಬೆಂಡೆಗೆ ಎರಡಡಿ ಸಾಲು, ಒಂದಡಿ ಗಿಡ. ಈರುಳ್ಳಿಗೆ ಆರು ಅಂಗುಲ, ನಾಲ್ಕು ಅಂಗುಲ. ಎಲೆಕೋಸಿಗೆ ಎರಡೂ ಕಡೆ ಮೊಳ ಬಿಡುವುದು ವಾಡಿಕೆ. ಒಂದಡಿಗೆ ಇಳಿಸಿದರೆ ಗಡ್ಡೆ ಚಿಕ್ಕದಾಗುತ್ತದೆ, ಆದರೆ ಇಬ್ಬರೇ ಇರುವ ಮನೆಗೆ ಒಂದು ಹೊತ್ತಿನ ಪಲ್ಯಕ್ಕೆ ಅದೇ ಹದ. ಅಂತರದಿಂದಲೇ ಗಡ್ಡೆಯ ಗಾತ್ರ ನಿಮ್ಮ ಕೈಯಲ್ಲಿರುತ್ತದೆ. ಮಣ್ಣು ಫಲವತ್ತಾಗಿದ್ದು ನೀರು ಧಾರಾಳ ಇದ್ದರೆ ಗಿಡ ದೊಡ್ಡದಾಗುತ್ತದೆ, ಅಂತರ ಸ್ವಲ್ಪ ಹೆಚ್ಚಿಸಿ. ಎಲೆ ಸದಾ ಒದ್ದೆಯಿರುವ ಮಲೆನಾಡಿನ ಮಳೆಗಾಲದಲ್ಲೂ ಹೆಚ್ಚಿಸಿ. ಎತ್ತರದ ಗಿಡ, ಚಪ್ಪರ ಎಲ್ಲ ಉತ್ತರದ ಅಂಚಿಗಿರಲಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುವುದರಿಂದ ನೆರಳು ಉತ್ತರಕ್ಕೇ ಬೀಳುತ್ತದೆ.

ಸೊಪ್ಪಿನ ಲೆಕ್ಕ ಬೇರೆ. ಕೊತ್ತಂಬರಿ, ಮೆಂತ್ಯ, ಹರಿವೆಯಲ್ಲಿ ನಮಗೆ ಬೇಕಾದದ್ದು ಎಳೆ ಎಲೆ. ಒತ್ತಾಗಿ ಚೆಲ್ಲಿ, ದೊಡ್ಡದನ್ನು ಮೊದಲು ಕಿತ್ತು ತಿನ್ನುತ್ತಾ ಬಂದರೆ ಸಾಕು. ಮೂಲಂಗಿ, ಕ್ಯಾರೆಟ್ ಹಾಗಲ್ಲ. ಹುಟ್ಟಿದ ಹತ್ತು ಹದಿನೈದು ದಿನದೊಳಗೆ ಹೆಚ್ಚುವರಿ ಸಸಿ ಕಿತ್ತು ಮೂಲಂಗಿಗೆ ನಾಲ್ಕು ಅಂಗುಲ, ಕ್ಯಾರೆಟ್ಟಿಗೆ ಎರಡು ಅಂಗುಲ ಬಿಡಲೇಬೇಕು. ಸಸಿ ಕೀಳಲು ಮನಸ್ಸು ಒಪ್ಪುವುದಿಲ್ಲ, ಗೊತ್ತು. ಬಿಟ್ಟರೆ ಮೇಲೆ ಸೊಪ್ಪು, ಕೆಳಗೆ ಇಲಿಬಾಲ. ಕಿತ್ತ ಮೂಲಂಗಿ ಸಸಿ ಬೇಳೆಗೆ ಹಾಕಿದರೆ ರುಚಿಯಾದ ಸಾರು.

ಅಂತರದ ಬಲ ಏನು ಅಂತ ತೋರಿಸಲು ಹಾವೇರಿ ಕಡೆಯ ಗುಳಿ ರಾಗಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬೀಜ ಚೆಲ್ಲಿ ಬಿತ್ತುವ ಬದಲು ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಮೊಳಕ್ಕೊಂದು ಗೆರೆ ಎಳೆಯುತ್ತಾರೆ. ಗೆರೆ ಕೂಡುವ ಕಡೆ ಗುಳಿ ಮಾಡಿ, ಒಂದು ಹಿಡಿ ಗೊಬ್ಬರ ಹಾಕಿ, ಮೂರು ವಾರ ದಾಟಿದ ಪೈರು ಎರಡೆರಡನ್ನು ಊರುತ್ತಾರೆ. ಪೈರು ಹಿಡಿದ ಮೇಲೆ, ಹದಿನೈದು ದಿನದಿಂದ ನಲವತ್ತೈದು ದಿನದೊಳಗೆ, ಹಗುರವಾದ ಮರದ ಕೊರಡನ್ನು ಪೈರಿನ ಮೇಲೆ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಾರೆ. ಪೈರು ಬಾಗುತ್ತದೆ, ಮುಖ್ಯ ಕುಡಿಗೆ ಪೆಟ್ಟಾಗುತ್ತದೆ, ಬುಡದಿಂದ ತೆಂಡೆ, ಅಂದರೆ ಹೊಸ ಕವಲು, ಒಡೆಯುತ್ತದೆ. ಆಮೇಲೆ ಎಡೆಕುಂಟೆ ಎರಡೂ ದಿಕ್ಕಿಗೆ ಹೊಡೆದು ಕಳೆ ತೆಗೆದು ಮಣ್ಣು ಸಡಿಲಿಸುತ್ತಾರೆ. ಅಂತರ ಚೌಕವಾಗಿರುವುದರಿಂದಲೇ ಎರಡೂ ದಿಕ್ಕಿನ ಕುಂಟೆ ಸಾಧ್ಯ. ಚೆನ್ನಾಗಿ ಮಾಡಿದ ಹೊಲದಲ್ಲಿ ಎಕರೆಗೆ 18ರಿಂದ 20 ಕ್ವಿಂಟಲ್ ತನಕ ರಾಗಿ ಬರುತ್ತದೆ. ಚೆಲ್ಲಿ ಬಿತ್ತಿದ ಹೊಲ ಇದರ ಅರ್ಧ ಮುಟ್ಟುವುದೂ ಕಷ್ಟ. ಇಲ್ಲಿ ಪೈರಿನ ಸಂಖ್ಯೆ ಕಡಿಮೆ, ತೆನೆಯ ಸಂಖ್ಯೆ ಹೆಚ್ಚು. ತಪ್ಪುವುದು ಎಲ್ಲಿ ಅಂದರೆ, ಪೈರು ವಯಸ್ಸಾದ ಮೇಲೆ ಕೊರಡು ಎಳೆದರೆ ಕಾಂಡ ಬಾಗದೆ ಮುರಿಯುತ್ತದೆ. ನೆಲ ಒಣಗಿದ್ದಾಗ ಎಳೆದರೆ ಹೊಸ ತೆಂಡೆ ಏಳುವ ಶಕ್ತಿ ಇರುವುದಿಲ್ಲ.

ಆ ಪೆಟ್ಟಿನಿಂದ ತೆಂಡೆ ಏಕೆ ಒಡೆಯಿತು? ಗಿಡದ ತುದಿಕುಡಿ ಆಕ್ಸಿನ್ ಎಂಬ ರಸವನ್ನು ಕೆಳಗಿಳಿಸುತ್ತಾ ಇರುತ್ತದೆ. ಅದು ಇಳಿಯುವ ತನಕ ಎಲೆಯ ಕಂಕುಳಲ್ಲಿರುವ ಮೊಗ್ಗುಗಳು ಮಲಗಿರುತ್ತವೆ. ತುದಿ ಹೋದರೆ ಅವು ಏಳುತ್ತವೆ. ಚಿವುಟುವ ವಿದ್ಯೆಯೆಲ್ಲ ಇಷ್ಟೇ. ಆದರೆ ಎದ್ದ ಕವಲಿನಲ್ಲಿ ಹೂ ಬರುವ ಜಾತಿಯೇ ಅನ್ನುವುದು ತಿಳಿದಿರಬೇಕು. ಆದ್ದರಿಂದ ಯಾವ ಗಿಡದ ಮೇಲೆ ಕೈಯಿಡುವ ಮೊದಲೂ ಕೇಳಿಕೊಳ್ಳಿ: ಇದು ಹೂ ಬಿಡುವುದು ಎಲ್ಲಿ?

ಸೋರೆ, ಹೀರೆಯಲ್ಲಿ ಮುಖ್ಯ ಬಳ್ಳಿ ಬಿಡುವುದು ಬಹುತೇಕ ಗಂಡು ಹೂ. ಹೆಣ್ಣು ಹೂ, ಅಂದರೆ ಹಿಂದೆ ಪುಟ್ಟ ಕಾಯಿ ಹೊತ್ತ ಹೂ, ಮುಖ್ಯ ಬಳ್ಳಿಯಿಂದ ಹೊರಟ ಕವಲಿನಲ್ಲಿ ಹೆಚ್ಚು, ಆ ಕವಲಿನಿಂದ ಹೊರಟ ಕವಲಿನಲ್ಲಿ ಇನ್ನೂ ಹೆಚ್ಚು. ಒಂದೂವರೆ ಅಡಿ ಉದ್ದಗಲ ಆಳದ ಗುಂಡಿಗೆ ಕೊಟ್ಟಿಗೆ ಗೊಬ್ಬರ ತುಂಬಿ, ಗುಂಡಿಗೆ ಎರಡೇ ಬಳ್ಳಿ ಉಳಿಸಿ. ಗುಂಡಿಯಿಂದ ಗುಂಡಿಗೆ ನಾಲ್ಕಡಿಗೆ ಕಡಿಮೆ ಬೇಡ. ಬಳ್ಳಿ ಚಪ್ಪರ ಮುಟ್ಟುವ ತನಕ ಕೆಳಗಿನ ಕವಲು ತೆಗೆದು ಒಂದೇ ದಾರ ಹಿಡಿದು ಏರಿಸಿ. ಚಪ್ಪರದ ಮೇಲೆ ಒಂದಡಿ ಹರಿದಾಗ ತುದಿ ಚಿವುಟಿ. ವಾರದೊಳಗೆ ಮೂರು ನಾಲ್ಕು ಕವಲು ಹೊರಡುತ್ತವೆ. ಅವನ್ನು ನಾಲ್ಕು ದಿಕ್ಕಿಗೆ ಹರಡಿ. ಪ್ರತಿಯೊಂದಕ್ಕೂ ಹತ್ತು ಹನ್ನೆರಡು ಎಲೆ ಬಂದಾಗ ಮತ್ತೆ ತುದಿ ತೆಗೆಯಿರಿ. ಆಮೇಲೆ ಹೊರಡುವ ಮೂರನೇ ತಲೆಮಾರಿನ ಬಳ್ಳಿಯನ್ನು ಮುಟ್ಟಬೇಡಿ, ಕಾಯಿ ಅದರದ್ದೇ. ಎಲ್ಲ ಕವಲನ್ನೂ ಒಂದೇ ದಿನ ಚಿವುಟಿದರೆ ಗಂಡು ಹೂ ಕಡಿಮೆಯಾಗಿ ಹೆಣ್ಣು ಹೂ ಪರಾಗ ಸಾಲದೆ ಹಳದಿಯಾಗಿ ಉದುರಬಹುದು, ಒಂದೆರಡನ್ನು ಹಾಗೇ ಬಿಡಿ. ಸೋರೆ, ಹೀರೆ ಹೂ ಅರಳುವುದು ಸಂಜೆ. ದುಂಬಿ ಕಾಣದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೃದುವಾಗಿ ಸವರಬೇಕಾದದ್ದೂ ಆಗಲೇ, ಮರುದಿನ ಮಧ್ಯಾಹ್ನ ಅಲ್ಲ. ಈಗ ಬರುವ ಕೆಲವು ಹೈಬ್ರಿಡ್ ಸೌತೆ ಮುಖ್ಯ ಬಳ್ಳಿಯಲ್ಲೇ ಗೆಣ್ಣಿಗೊಂದು ಹೆಣ್ಣು ಹೂ ಬಿಡುತ್ತದೆ. ಅದರ ತುದಿ ಚಿವುಟಿದರೆ ಬರುವ ಕಾಯನ್ನೇ ಕಿತ್ತ ಹಾಗೆ.

ಟೊಮೆಟೊ ಇದಕ್ಕೆ ತದ್ವಿರುದ್ಧ. ಎತ್ತರಕ್ಕೆ ಹೋಗುತ್ತಲೇ ಇರುವ ಜಾತಿಯಲ್ಲಿ ಹೂಗೊಂಚಲು ಮುಖ್ಯ ಕಾಂಡದ ಮೇಲೇ ಬರುತ್ತದೆ, ಕಂಕುಳ ಚಿಗುರು ಆಹಾರಕ್ಕೆ ಪಾಲುದಾರ. ಎರಡು ಮೂರು ಅಂಗುಲ ಇದ್ದಾಗಲೇ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬೆರಳಲ್ಲಿ ಪಕ್ಕಕ್ಕೆ ಬಗ್ಗಿಸಿ ಮುರಿಯಿರಿ. ಗೇಣುದ್ದ ಆಗುವ ತನಕ ಬಿಟ್ಟು ಚಾಕು ಹಾಕಿದರೆ ಗಾಯ ದೊಡ್ಡದು. ಮೊದಲ ಗೊಂಚಲಿನ ಕೆಳಗಿನ ಒಂದು ಬಲವಾದ ಚಿಗುರು ಉಳಿಸಿ ಎರಡು ಕಾಂಡ ಮಾಡಿಕೊಳ್ಳುವುದು ಮನೆಗೆ ಒಳ್ಳೆಯದು. ಒಂದೇ ಕಾಂಡವಾದರೆ ಹಣ್ಣು ದಪ್ಪ, ಬೇಗ, ಆದರೆ ಸಂಖ್ಯೆ ಕಡಿಮೆ, ಆಗ ಒಂದೂವರೆ ಅಡಿ ಅಂತರ ಸಾಕು. ಎರಡು ಕಾಂಡಕ್ಕೆ ಎರಡಡಿ ಬೇಕು. ಅಂತರವೂ ಆಕಾರವೂ ಒಟ್ಟಿಗೆ ನಿರ್ಧಾರವಾಗಬೇಕು ಅನ್ನುವುದು ಇದಕ್ಕೇ. ಮಣ್ಣು ಮುಟ್ಟುವ ಎಲೆಗಳನ್ನು ಒಂದಡಿ ಎತ್ತರದವರೆಗೆ ಹಂತಹಂತವಾಗಿ ತೆಗೆಯಿರಿ, ಮಳೆಹನಿ ಸಿಡಿಸುವ ಮಣ್ಣಿನ ಜೊತೆ ಅಂಗಮಾರಿ ಏರುವುದು ಆ ಎಲೆಯಿಂದ. ಗೊಂಚಲಿನ ಪಕ್ಕದ ಎಲೆ ಮಾತ್ರ ಮುಟ್ಟಬೇಡಿ, ಹಣ್ಣಿಗೆ ಊಟ ಹಾಕುವುದು ಅದೇ. ಏಪ್ರಿಲ್, ಮೇ ಬಿಸಿಲಿನಲ್ಲಿ ಚಿಗುರನ್ನು ಪೂರಾ ತೆಗೆಯದೆ ಎರಡೆಲೆ ಬಿಟ್ಟು ಚಿವುಟಿ, ಇಲ್ಲದಿದ್ದರೆ ಬಿಸಿಲು ಹೊಡೆದು ಹಣ್ಣಿನ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಪೊದೆಯಾಗಿ ಬೆಳೆದು ಒಂದೇ ಬಾರಿಗೆ ಕಾಯಿ ಬಿಡುವ ಗಿಡ್ಡ ಜಾತಿಯಲ್ಲಿ ಪ್ರತಿ ಕವಲಿನ ತುದಿಯಲ್ಲೂ ಗೊಂಚಲು ಇರುತ್ತದೆ. ಅಲ್ಲಿ ಮೊದಲ ಗೊಂಚಲಿನ ಕೆಳಗಿನದ್ದು ಬಿಟ್ಟು ಬೇರೇನೂ ತೆಗೆಯಬೇಡಿ. ತಂಬಾಕು, ಬೀಡಿ ಮುಟ್ಟಿದ ಕೈಯಿಂದ ನಂಜು ರೋಗ ದಾಟುತ್ತದೆ, ಸೋಪು ಹಾಕಿ ತೊಳೆದೇ ಗಿಡ ಮುಟ್ಟಿ.

ಮೆಣಸಿನ ಗಿಡದಲ್ಲಿ ಮೊದಲ ಕವಲಿನ ಸಂದಿಯಲ್ಲಿ ಬರುವ ಹೂವೊಂದನ್ನು, ಅದರ ಕೆಳಗಿನ ಚಿಗುರುಗಳನ್ನು ತೆಗೆದರೆ ಸಾಕು. ಬದನೆ ಫಸಲು ಮುಗಿದ ಮೇಲೆ ಕೀಳಬೇಡಿ. ಬುಡದಿಂದ ಒಂದು ಗೇಣಿಗೆ ಓರೆಯಾಗಿ ಕತ್ತರಿಸಿ, ಗೊಬ್ಬರ ಕೊಟ್ಟು ಮಣ್ಣೇರಿಸಿದರೆ ಹೊಸ ಚಿಗುರಿನಲ್ಲಿ ಎರಡನೇ ಫಸಲು. ಬಾಡಿ ಜೋತ ಕುಡಿಯೊಳಗೆ ಹುಳು ಇರುತ್ತದೆ, ಅಂಗುಲ ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಗಿಡದ ಬುಡಕ್ಕೆ ಎಸೆಯಬೇಡಿ.

ತೊಗರಿ ಪಕ್ಕದ ಕವಲಿನಲ್ಲಿ ಹೂ ಬಿಡುತ್ತದೆ. ಕಲಬುರಗಿ, ಬೀದರ ಕಡೆ ಈಗ ಬಹಳ ರೈತರು ಸಾಲು ಐದಡಿಗೆ ಹಾಕಿ ಕುಡಿ ಚಿವುಟುತ್ತಾರೆ. ಬಿತ್ತಿದ ಐವತ್ತನೇ ದಿನದ ಆಸುಪಾಸು, ಮಳೆಯಾಗಿ ನೆಲ ಹಸಿಯಿರುವಾಗ, ತುದಿಯ ಎರಡು ಅಂಗುಲ ತೆಗೆದರೆ ಗಿಡ ಛತ್ರಿ ಬಿಡಿಸಿದ ಹಾಗೆ ಅಗಲವಾಗುತ್ತದೆ. ಅಂತರವಿಲ್ಲದೆ ಚಿವುಟಿದರೆ ಕವಲು ಕವಲು ತಾಗಿ ಒಳಗಿನ ಹೂ ಉದುರುತ್ತದೆ, ದುಡಿಮೆ ವ್ಯರ್ಥ. ಮೊಗ್ಗು ಕಂಡ ಮೇಲಂತೂ ಚಿವುಟಲೇಬಾರದು. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಪ್ರತಿ ಮೂರನೇ ಸಾಲು ಕಿತ್ತು ದನಕ್ಕೆ ಹಾಕಿದರೆ ಉಳಿದ ಎರಡು ಸಾಲಿಗೆ ನೆಲದ ತೇವ ಸಿಗುತ್ತದೆ. ಜೋಳಕ್ಕೂ ಸಾಲು ಕೀಳುವ ಈ ಉಪಾಯ ನಡೆಯುತ್ತದೆ, ಆದರೆ ಮಳೆಯಿಲ್ಲದೆ ಬಾಡಿದ ಎಳೆ ಜೋಳದಲ್ಲಿ ವಿಷ ಇರುತ್ತದೆ, ಅದನ್ನು ಹಸಿಯಾಗಿ ದನಕ್ಕೆ ಹಾಕಬೇಡಿ.

ಬೀಜದಿಂದ ಬೆಳೆಸುವ ನುಗ್ಗೆಗೆ ಎಂಟಡಿ ಬಿಡಿ. ಎರಡೂವರೆ ಅಡಿ ಆದಾಗ ತುದಿ ಚಿವುಟದಿದ್ದರೆ ಅದು ಕಂಬದಂತೆ ಏರಿ, ಕಾಯಿ ಕೈಗೆಟುಕುವುದಿಲ್ಲ, ಗಾಳಿಗೆ ಮುರಿಯುತ್ತದೆ. ಫಸಲು ಮುಗಿದ ಮೇಲೆ ನೆಲದಿಂದ ಮೂರಡಿಗೆ ಕಡಿದರೆ ನಾಲ್ಕೈದು ತಿಂಗಳಿಗೆ ಮತ್ತೆ ಕಾಯಿ. ಮಲ್ಲಿಗೆ, ಸೀಬೆ ಎರಡೂ ಹೊಸ ಚಿಗುರಿನಲ್ಲೇ ಹೂ ಬಿಡುವಂಥವು. ಮಲ್ಲಿಗೆಯನ್ನು ನವೆಂಬರ್ ಕೊನೆಗೆ ಮೊಳದೆತ್ತರಕ್ಕೆ ಸವರಿ. ಸೀಬೆಯ ನೆಟ್ಟಗಿನ ಕೊಂಬೆಯನ್ನು ಬಾಗಿಸಿ ಹಗ್ಗದಿಂದ ಗೂಟಕ್ಕೆ ಕಟ್ಟಿದರೂ ಗೆಣ್ಣುಗೆಣ್ಣಿಗೆ ಚಿಗುರು ಬರುತ್ತದೆ. ಮಾವು ಮಾತ್ರ ಬಲಿತ ಕೊಂಬೆಯ ತುದಿಯಲ್ಲಿ ಹೂ ಬಿಡುತ್ತದೆ. ಅದನ್ನು ಸವರುವುದಿದ್ದರೆ ಹಣ್ಣು ಇಳಿಸಿದ ಕೂಡಲೇ, ಜೂನ್ ಜುಲೈಯಲ್ಲಿ. ನವೆಂಬರಿನಲ್ಲಿ ಮಲ್ಲಿಗೆಗೆ ಹಿಡಿದ ಕತ್ತರಿಯನ್ನೇ ಮಾವಿಗೂ ಹಾಕಿದರೆ ಆ ವರ್ಷದ ಹೂವೆಲ್ಲ ನೆಲಕ್ಕೆ.

ಹೆಬ್ಬೆರಳಿಗಿಂತ ದಪ್ಪ ಕೊಂಬೆ ಕಡಿದ ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಬೇಕು. ನೂರು ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕಲಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಮಾಡಿದ ದಿನವೇ ಹಚ್ಚಿ ಮುಗಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕುಡಿ ಚಿವುಟಿದ ಯಾವ ಗಿಡಕ್ಕೂ ಆ ವಾರ ನೀರು ತಪ್ಪಿಸಬೇಡಿ, ಬುಡಕ್ಕೆ ಎರಡು ಹಿಡಿ ಕಳಿತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಡಿ. ಬಾಡಿದ, ರೋಗ ಹತ್ತಿದ ಗಿಡವನ್ನು ಚಿವುಟುವ ಮೊದಲು ಚೇತರಿಸಿಕೊಳ್ಳಲು ಬಿಡಿ.