ಸಂಜೆ ಟ್ರೈನಲ್ಲಿ ತೂಕಡಿಸಬೇಡಿ

ತುಮಕೂರಿಂದ ಬೆಂಗಳೂರಿಗೆ ದಿನಾ ಓಡಾಡುವವರು ನಿದ್ದೆ ಮಾಡೋದಿದ್ದರೆ ಬೆಳಗಿನ ಟ್ರೈನಲ್ಲಿ ಮಾಡಿ, ಸಂಜೆ ಟ್ರೈನಲ್ಲಿ ಬೇಡ. ಎದ್ದ ಹೊತ್ತಿನಿಂದ ಮಿದುಳಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತದೆ, ರಾತ್ರಿ ಕಣ್ಣು ಎಳೆಯೋದಕ್ಕೆ ಅದೂ ಒಂದು ದೊಡ್ಡ ಕಾರಣ. ಯಶವಂತಪುರ ಬಿಟ್ಟ ಮೇಲೆ ಕಿಟಕಿಗೆ ತಲೆ ಆನಿಸಿ ಕ್ಯಾತ್ಸಂದ್ರದಲ್ಲಿ ಎಚ್ಚರವಾದರೆ ಅದರಲ್ಲಿ ಒಂದಷ್ಟು ಅಲ್ಲೇ ಖರ್ಚು. ಆಮೇಲೆ ಹನ್ನೆರಡಾದರೂ ಫ್ಯಾನ್ ನೋಡುತ್ತಾ ಬಿದ್ದಿರಬೇಕು, ಅಲ್ವಾ? ತೀರಾ ತೂಕಡಿಕೆ ಬಂದರೆ ಸೀಟು ಬಿಟ್ಟು ಸ್ವಲ್ಪ ಹೊತ್ತು ನಿಂತುಕೊಳ್ಳಿ (ಸೀಟು ಕೊಟ್ಟ ಪುಣ್ಯ ಬೇರೆ). ಕಾಫಿ ಮಾತ್ರ ಬೇಡ, ಅದು ರಾತ್ರಿ ನಿದ್ದೆಯನ್ನೇ ಕೆಡಿಸುತ್ತದೆ. ಆದರೆ ಹಿಂದಿನ ರಾತ್ರಿ ನಿದ್ದೆಗೆಟ್ಟು, ಸ್ಟೇಷನ್ನಿಂದ ಮನೆಗೆ ಬೈಕ್ ಓಡಿಸಬೇಕಿದ್ದರೆ ಈ ಮಾತು ಬಿಟ್ಟುಬಿಡಿ. ಸುಮ್ನೆ 20 ನಿಮಿಷಕ್ಕೆ ಅಲಾರಾಂ ಇಟ್ಟು ಕಣ್ಣು ಮುಚ್ಚಿ. ರಾತ್ರಿ ಪಾಳಿಯವರಿಗೂ ಈ ಲೆಕ್ಕ ಹೊಂದುವುದಿಲ್ಲ.