ಫುಟ್‌ಪಾತ್ ಕೇಳುವುದಕ್ಕೂ ಒಂದು ಕಾಲ ಇದೆ

ಮೈಸೂರಿನಲ್ಲಿ ರಸ್ತೆ ಕೆಲಸ ಕೇಳಬೇಕು ಅಂದರೆ ದಸರಾ ಮುಗಿದ ಮೇಲೆ ಕೇಳಬೇಕು. ದಸರಾಕ್ಕೆ ಮುಂಚೆ ಕೇಳಿದರೆ ಸಿಗುವುದು ಡಾಂಬರು, ಬಣ್ಣ, ದೀಪ, ಅಷ್ಟೇ. ಅಷ್ಟು ಹೊತ್ತಿಗೆ ಯಾವ ಕೆಲಸ ಯಾರಿಗೆ ಅಂತ ನಿಗದಿಯಾಗಿರುತ್ತದೆ. ನೀವು ಎಷ್ಟೇ ಒಳ್ಳೆಯ ಅರ್ಜಿ ಕೊಟ್ಟರೂ ಅದು ಫೈಲಿನ ಅಡಿಗೆ ಹೋಗುತ್ತದೆ. ದೀಪಾವಳಿ ಕಳೆದು, ಮುಂದಿನ ವರ್ಷದ ಬಜೆಟ್ ಮಾತು ಶುರುವಾಗುವ ಮುಂಚಿನ ಆ ಕೆಲವು ವಾರಗಳೇ ನಮ್ಮ ಸೀಸನ್.

ಸರಸ್ವತಿಪುರಂ, ಕುವೆಂಪುನಗರದ ಕಡೆಯ ನಾವೊಂದಷ್ಟು ಜನ, ನಡೆಯುವವರಿಗೆ ಮತ್ತು ಸೈಕಲ್ ತುಳಿಯುವವರಿಗೆ ರಸ್ತೆ ಸ್ವಲ್ಪ ಸಲೀಸಾಗಲಿ ಅಂತ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇವೆ. ಸಂಘ ನೋಂದಾಯಿಸಿಲ್ಲ. ಬ್ಯಾನರ್ ಇಲ್ಲ. ವಾಟ್ಸಾಪ್ ಗುಂಪು ಇದೆ, ಅದರಲ್ಲಿ ಗುಡ್ ಮಾರ್ನಿಂಗ್ ಸಂದೇಶವೇ ಜಾಸ್ತಿ. ಇಷ್ಟರಲ್ಲೇ ಏನು ನಡೆಯಿತು, ಏನು ನಡೆಯಲಿಲ್ಲ ಅಂತ ಹೇಳುತ್ತೇನೆ. ಬೇರೆ ಊರಿನವರಿಗೂ ಉಪಯೋಗ ಆಗಬಹುದು.

'ಫುಟ್‌ಪಾತ್ ಸರಿಯಿಲ್ಲ' ಅನ್ನುವ ದೂರನ್ನು ಯಾರೂ ಅಲ್ಲಗಳೆಯುವುದಿಲ್ಲ, ಯಾರೂ ಸರಿಪಡಿಸುವುದೂ ಇಲ್ಲ. ಅದಕ್ಕೇ ಟೇಪು ಹಿಡಿದೆವು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 'ಐಆರ್‌ಸಿ 103' ಅನ್ನುವ ಮಾರ್ಗಸೂಚಿ ಇದೆ, ನಾವು ಹಿಡಿದದ್ದು 2012ರ ಪರಿಷ್ಕೃತ ಆವೃತ್ತಿ. ನಡೆಯಲು ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ತಲೆಯ ಮೇಲೆ 2.2 ಮೀಟರ್ ತೆರವಿರಬೇಕು ಅಂತ ಅದರಲ್ಲಿದೆ. ಎಂಜಿನಿಯರ್‌ಗಳಿಗೆ ಈ ಅಂಕಿಗಳು ಗೊತ್ತು. ನಮಗೂ ಗೊತ್ತು ಅಂತ ಅವರಿಗೆ ತಿಳಿದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. 'ಇಂಥ ಮನೆ ಮುಂದೆ ನಡೆಯಲು ಉಳಿದಿರುವುದು 70 ಸೆಂಟಿಮೀಟರ್, ಕಾರಣ ಟ್ರಾನ್ಸ್‌ಫಾರ್ಮರ್' ಅಂತ ಬರೆದುಕೊಂಡೆವು, ಒಂದೊಂದೂ ಒಂದು ಸಾಲು.

ಆಮೇಲೆ ಆ ಪಟ್ಟಿಯನ್ನು ಕಚೇರಿವಾರು ಒಡೆದೆವು. ಚಪ್ಪಡಿ ಮತ್ತು ಚರಂಡಿ ಪಾಲಿಕೆಗೆ. ಟ್ರಾನ್ಸ್‌ಫಾರ್ಮರ್, ಕಂಬ ವಿದ್ಯುತ್ ಕಂಪನಿ ಸೆಸ್ಕಿಗೆ. ಸಿಗ್ನಲ್ಲು, ಪಾರ್ಕಿಂಗ್ ಸಂಚಾರ ಪೊಲೀಸರಿಗೆ. ಒಂದೊಂದು ಕಚೇರಿಗೆ ಅವರದ್ದೇ ಒಂದು ಹಾಳೆ, ಬೇರೆಯವರ ವಿಷಯ ಅದರಲ್ಲಿ ಇರಕೂಡದು. ಎಲ್ಲ ಸೇರಿಸಿ ಹತ್ತು ಪುಟದ ಮನವಿ ಕೊಟ್ಟರೆ 'ಇದು ನಮಗೆ ಬರುವುದಿಲ್ಲ' ಅನ್ನಲು ನಾವೇ ದಾರಿ ಮಾಡಿಕೊಟ್ಟ ಹಾಗೆ.

ದೇಶದ ಅಂಕಿಗಳಿಂದ ಹೆಚ್ಚು ಪ್ರಯೋಜನ ಆಗಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಅಂದರೆ ಎಲ್ಲರೂ 'ಹೌದಾ, ಪಾಪ' ಅನ್ನುತ್ತಾರೆ. ಅದೇ 'ಈ ಶಾಲೆ ಗೇಟಿನ ಮುಂದೆ ಮಕ್ಕಳು ಇಲ್ಲಿಂದ ಇಲ್ಲಿಗೆ ದಾಟುತ್ತಾರೆ, ಜೀಬ್ರಾ ಇರುವುದು ಅಲ್ಲಿ' ಅಂತ ನಕ್ಷೆ ಬಿಡಿಸಿ ತೋರಿಸಿದರೆ ಕುರ್ಚಿಯಿಂದ ಎದ್ದು ಬರುತ್ತಾರೆ. ಕನಿಷ್ಠ ಒಬ್ಬರು ಎದ್ದು ಬಂದರು.

ಒಂದು ಕಚೇರಿಯಲ್ಲಿ ನಮ್ಮ ಹಾಳೆ ಕಳೆದೇಹೋಯಿತು. ಎರಡನೇ ಪ್ರತಿಯೂ ಕಳೆಯಿತು. ಆಗ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ. 'ಯಾಕೆ ಮಾಡಿಲ್ಲ' ಅಂತ ಕೇಳಬೇಡಿ, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಈ ರಸ್ತೆಯ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಅಳತೆ ಪುಸ್ತಕದ ನಕಲು ಕೊಡಿ ಅನ್ನಿ. ಅಂದಾಜು ಪಟ್ಟಿ ಕೈಗೆ ಬಂದಾಗ ನಮಗೆ ಕಣ್ಣು ತೆರೆಯಿತು. ಡಾಂಬರಿನ ದಪ್ಪ, ಚರಂಡಿಯ ಕಾಂಕ್ರೀಟು ಎಲ್ಲಕ್ಕೂ ಬಾಬತ್ತು ಇದೆ. ನಡೆಯುವವರ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ಅಂದಾಜಿನಲ್ಲಿ ಇಲ್ಲದ್ದನ್ನು ಗುತ್ತಿಗೆದಾರನ ಹತ್ತಿರ ಜಗಳ ಆಡಿ ಪಡೆಯಲು ಆಗುವುದಿಲ್ಲ. ಹೋಗಬೇಕಾದದ್ದು ಅಂದಾಜು ಬರೆಯುವ ಜೆಇ, ಅಂದರೆ ಜೂನಿಯರ್ ಎಂಜಿನಿಯರ್ ಹತ್ತಿರ, ಅದೂ ಬರೆಯುವ ಮುಂಚೆ. 2023ರ ನವೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲಂತೂ ಕಾರ್ಪೊರೇಟರ್ ಮನೆ ಬಾಗಿಲು ತಟ್ಟುವ ಹಳೆಯ ದಾರಿಯೂ ಮುಚ್ಚಿತು.

ಇನ್ನು ನಮ್ಮ ಜನದ ವಿಷಯ. ನಮ್ಮ ಬಡಾವಣೆಯಲ್ಲಿ ಫುಟ್‌ಪಾತಿಗೆ ದೊಡ್ಡ ಅಡ್ಡಿ ಯಾರು ಗೊತ್ತಾ? ಮನೆಯವರು. ಗೇಟಿನ ಹೊರಗೆ ಬೇಲಿ ಹಾಕಿ ದಾಸವಾಳ, ನಂದಿಬಟ್ಟಲು ಬೆಳೆಸಿದ್ದಾರೆ. ಕಾರಿಗೆ ಅಂತ ಇಳಿಜಾರು ಕಟ್ಟಿದ್ದಾರೆ. ಒಂದೊಂದು ಮನೆಗೂ ಹತ್ತಿ ಇಳಿಯಬೇಕು, ಅದಕ್ಕೇ ಮಂಡಿನೋವಿನವರು ರಸ್ತೆಯಲ್ಲೇ ನಡೆಯುತ್ತಾರೆ. ಹೇಳಿದರೆ 'ಮೂವತ್ತು ವರ್ಷದಿಂದ ಇದೆ, ಈಗೇನು ಬಂತು ನಿಮಗೆ' ಅಂತಾರೆ. 'ದೇವರ ಪೂಜೆಗೆ ಹೂವು' ಅಂತಾರೆ. ಪೂಜೆ ಅಂದ ಮೇಲೆ ವಾದ ಮಾಡುವ ಹಾಗಿಲ್ಲ, ಅಲ್ವಾ? ಒಂದು ಭಾನುವಾರ ಗಾಲಿಕುರ್ಚಿ ತಂದು, ಬೇಲಿ ಹಾಕಿದ ಮನೆಯ ಹಿರಿಯರನ್ನೇ ಕೂರಿಸಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಲು ನೋಡಿದೆವು. ಎರಡನೇ ಮನೆ ದಾಟಲು ಆಗಲಿಲ್ಲ. ಆಮೇಲೆ ಕೆಲವರು ಗಿಡಗಳನ್ನು ಒಳಗೆ ಸರಿಸಿದರು. ಕೆಲವರು ನಮ್ಮ ಜೊತೆ ಮಾತು ಬಿಟ್ಟರು, ಇನ್ನೂ ಬಿಟ್ಟೇ ಇದ್ದಾರೆ. ಇಳಿಜಾರಿಗೆ ಪರಿಹಾರ ಮಾರ್ಗಸೂಚಿಯಲ್ಲೇ ಇದೆ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು, ರಸ್ತೆಯ ಅಂಚಿನಲ್ಲಿ ಮಾತ್ರ ಚಿಕ್ಕ ಇಳಿಜಾರು ಕೊಡಬೇಕು. ಹತ್ತಿ ಇಳಿಯುವ ಕೆಲಸ ಕಾರಿನದು.

ಬೊಲ್ಲಾರ್ಡ್, ಅಂದರೆ ವಾಹನ ತಡೆಯಲು ನೆಡುವ ಗಿಡ್ಡ ಕಂಬ, ಅದರ ಬಗ್ಗೆ ನಮ್ಮೊಳಗೇ ಜಗಳ ಆಯಿತು. ಫುಟ್‌ಪಾತ್ ಮೇಲೆ ಸ್ಕೂಟರ್ ಹತ್ತದಂತೆ ಕಂಬ ಹತ್ತಿರ ಹತ್ತಿರ ನೆಟ್ಟರೆ ಗಾಲಿಕುರ್ಚಿಯೂ ಹೋಗುವುದಿಲ್ಲ. ಗಾಲಿಕುರ್ಚಿಗೆ 90 ಸೆಂಟಿಮೀಟರ್ ಆದರೂ ಬಿಡಬೇಕು. ಅಷ್ಟು ಬಿಟ್ಟರೆ ಸ್ಕೂಟರ್ ನುಸುಳುತ್ತದೆ. ಇದಕ್ಕೆ ಅಳತೆಯಲ್ಲಿ ಉತ್ತರ ಇಲ್ಲ. ಕಾರು ತಡೆಯಲು ಕಂಬ, ಸ್ಕೂಟರಿಗೆ ಪೊಲೀಸ್ ದಂಡ ಅಂತ ನಾವು ಒಪ್ಪಿಕೊಂಡೆವು. ಮನಸ್ಸಿಲ್ಲದೆ ಒಪ್ಪಿದವರೂ ಇದ್ದಾರೆ.

ಹಂಪ್ ಬೇಕು ಅನ್ನುವವರನ್ನು ನಿಭಾಯಿಸುವುದು ಇನ್ನೂ ಕಷ್ಟ. ಪ್ರತಿಯೊಬ್ಬರಿಗೂ ಅವರ ಮನೆ ಮುಂದೆ ಒಂದು ಬೇಕು. ಐಆರ್‌ಸಿ 99ರ ಪ್ರಕಾರ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ. ಬೀದಿಯವರೇ ಸಿಮೆಂಟು ಸುರಿದು ಮಾಡುವ ಕಿರಿದಾದ ದಿಬ್ಬ ಕಾರಿಗೆ ಏನೂ ಮಾಡುವುದಿಲ್ಲ, ಸೈಕಲ್ಲಿನವನ ಬೆನ್ನು ಮುರಿಯುತ್ತದೆ. ಶಾಲೆಯ ಮುಂದೆ ನಾವು ಕೇಳಿದ್ದು ಎತ್ತರಿಸಿದ ಜೀಬ್ರಾ. ಫುಟ್‌ಪಾತ್ ಮಟ್ಟಕ್ಕೆ ರಸ್ತೆಯನ್ನೇ ಏರಿಸುವುದು. ಮಕ್ಕಳು ಇಳಿಯದೆ ದಾಟುತ್ತಾರೆ, ವಾಹನ ನಿಧಾನ ಆಗಲೇಬೇಕು. ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, 'ಮಳೆ ನೀರು ಎಲ್ಲಿ ಹೋಗುತ್ತೆ?' ಒಳ್ಳೆಯ ಪ್ರಶ್ನೆ. ಎರಡೂ ಅಂಚಿನಲ್ಲಿ ನೀರಿಗೆ ಜಾಗ ಬಿಟ್ಟು ಮೇಲೆ ಜಾಲರಿ ಮುಚ್ಚಬೇಕು. ಅದು ಅಂದಾಜಿಗೆ ಸೇರಿತು, ಕೆಲಸವೂ ಆಯಿತು.

ಸೈಕಲ್ ಅಂದ ತಕ್ಷಣ ಹೆಲ್ಮೆಟ್ ಹಾಕಿ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೋಗುವವರು ಸಭೆಗೆ ಬರುತ್ತಾರೆ. ಅವರೂ ಬೇಕು. ಆದರೆ ದಿನಾ ತುಳಿಯುವವರು ಯಾರು ಅಂತ ಬೆಳಗಿನ ಜಾವ ಮತ್ತು ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ನಿಂತು ನೋಡಿದೆವು. ಪೇಪರ್ ಹಾಕುವ ಹುಡುಗರು, ಸೆಕ್ಯೂರಿಟಿ ಗಾರ್ಡ್‌ಗಳು, ಹಳ್ಳಿಯಿಂದ ಬರುವ ಗಾರೆಯವರು. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನು ಅಪ್ಪಂದಿರು ತುಳಿಯುತ್ತಿದ್ದದ್ದೂ ಕಂಡಿತು. 2017ರಲ್ಲಿ 450 ಸೈಕಲ್ಲುಗಳೊಂದಿಗೆ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ಇಡೀ ದೇಶ ಮೈಸೂರಿನ ಕಡೆ ನೋಡಿತು. ಆದರೆ ಇವರು ಯಾವತ್ತೂ ಯಾರ ಲೆಕ್ಕದಲ್ಲೂ ಇರಲಿಲ್ಲ.

ಚಹಾ ಕುಡಿಸುತ್ತಾ ಇವರನ್ನು ಕೇಳಿದೆವು. ಪ್ರತ್ಯೇಕ ಪಥ ಅಂತ ಒಬ್ಬರೂ ಹೇಳಲಿಲ್ಲ. ಹೇಳಿದ್ದು ಚರಂಡಿ ಜಾಲರಿ. ಅದರ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದರೆ ಸೈಕಲ್ಲಿನ ತೆಳು ಚಕ್ರ ಒಳಗೆ ಸಿಕ್ಕಿ ಮಗುಚುತ್ತದೆ. ಅಡ್ಡಕ್ಕೆ ತಿರುಗಿಸಿದರೆ ಮುಗಿಯಿತು. ಇನ್ನೊಂದು, ಡಾಂಬರಿನ ಅಂಚು. ಪದರದ ಮೇಲೆ ಪದರ ಹಾಕಿ ರಸ್ತೆ ಏರುತ್ತದೆ, ಪಕ್ಕದ ಕಾಂಕ್ರೀಟು ಕೆಳಗೇ ಉಳಿಯುತ್ತದೆ. ಬಸ್ಸು ಹಾರ್ನ್ ಹೊಡೆದಾಗ ಸೈಕಲ್ಲಿನವನು ಸರಿಯುವುದು ಆ ಮೆಟ್ಟಿಲಿಗೇ. ಜಾಲರಿ ತಿರುಗಿಸಲು ಟೆಂಡರ್ ಬೇಕಾಗಲಿಲ್ಲ. ಚೌಕಾಕಾರದವನ್ನೆಲ್ಲ ಒಬ್ಬ ಮೇಸ್ತ್ರಿ ಎರಡು ಆಳು ಹಿಡಿದು ಎತ್ತಿ ತಿರುಗಿಸಿ ಕೂರಿಸಿದ. ಆಯತಾಕಾರದವು ಹಾಗೇ ಇವೆ, ಅವಕ್ಕೆ ಹೊಸ ಜಾಲರಿಯೇ ಬೇಕು. ಡಾಂಬರಿನ ಅಂಚು ಸರಿಮಾಡಲು ಮೇಲಿನ ಪದರ ಕೆರೆದು ತೆಗೆಯಬೇಕು. ಆ ಬಾಬತ್ತನ್ನು ಅಂದಾಜಿಗೆ ಸೇರಿಸಿ ಅಂತ ಕೇಳುತ್ತಲೇ ಇದ್ದೇವೆ.

ಟ್ರಾನ್ಸ್‌ಫಾರ್ಮರ್ ಇದ್ದಲ್ಲೇ ಇದೆ. ಸ್ಥಳಾಂತರದ ಖರ್ಚು ಯಾರು ಕಟ್ಟಬೇಕು ಅನ್ನುವ ಪತ್ರ ಎರಡು ಕಚೇರಿಗಳ ನಡುವೆ ಓಡಾಡುತ್ತಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂದಿತು. ಆ ಸಾಲನ್ನು ಈಗ ಪ್ರತಿ ಪತ್ರದ ತಲೆಯಲ್ಲಿ ಹಾಕುತ್ತೇವೆ. ಮುಂದಿನ ಹಾಳೆ ವೃತ್ತಗಳದ್ದು. ಮೈಸೂರಿನ ವೃತ್ತಗಳು ನೋಡಲು ಚೆಂದ, ದಾಟಲು ಕಷ್ಟ. ಎಡಕ್ಕೆ ತಿರುಗುವ ವಾಹನ ನಿಲ್ಲುವುದೇ ಇಲ್ಲ. ತಿರುವಿನ ಮೂಲೆಯನ್ನು ಸ್ವಲ್ಪ ಚೂಪು ಮಾಡಿದರೆ ವೇಗ ತಾನಾಗಿ ಇಳಿಯುತ್ತದೆ ಅಂತ ಒಂದು ನಕ್ಷೆ ಮಾಡಿಟ್ಟಿದ್ದೇವೆ. ದಸರಾ ಕಳೆಯಲಿ ಅಂತ ಕಾಯುತ್ತಿದ್ದೇವೆ.