ದಬ್ಬಣ ತೂರಿಹೋದ ಪೈಪು: ನಮ್ಮ ಪುಷ್ಪಕ್ ರಿಪೇರಿಯ ಕಥೆ

ಪುಷ್ಪಕ್ ಅನ್ನುವ ಪುಟ್ಟ ವಿಮಾನ ನಮ್ಮ ಶೆಡ್ಡಿಗೆ ಬಂದಿದ್ದು ಲಾರಿಯಲ್ಲಿ, ರೆಕ್ಕೆ ಬಿಚ್ಚಿಸಿಕೊಂಡು, ಟಾರ್ಪಾಲು ಹೊದ್ದುಕೊಂಡು. ಎಂದೋ ಇಳಿಯುವಾಗ ನೆಲದ ಮೇಲೆ ಗಿರಕಿ ಹೊಡೆದು ಎಡಗಾಲು ಮಡಚಿಕೊಂಡಿತ್ತಂತೆ. ಆಮೇಲೆ ವರ್ಷಗಟ್ಟಲೆ ಸೋರುವ ಶೀಟಿನ ಕೆಳಗೆ ಬಿದ್ದಿತ್ತು. ಚಕ್ರದ ಕಾಲು ಸೇರುವಲ್ಲಿ ಎರಡು ಪೈಪು ಬಾಗಿದ್ದು ಕಣ್ಣಿಗೇ ಕಾಣುತ್ತಿತ್ತು. "ಎರಡು ತಿಂಗಳ ಕೆಲಸ" ಅಂತ ಗೆಳೆಯನಿಗೆ ಹೇಳಿಬಿಟ್ಟೆ. ಹಿಡಿದದ್ದು ಹದಿನಾಲ್ಕು ತಿಂಗಳು, ಅದೂ ಮೈಯೊಂದಕ್ಕೇ.

ಪುಷ್ಪಕ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಕೂಸು. 1958ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿತು. ನೋಡಲು ಅಮೆರಿಕದ ಏರೊಂಕಾ ಚೀಫ್ ವಿಮಾನದ ತಮ್ಮನಂತೆ ಇದೆ. ಸುಮಾರು 160 ತಯಾರಾದವು, ಹೆಚ್ಚಿನವು ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಅಕ್ಕಪಕ್ಕ ಎರಡು ಸೀಟು, 90 ಕುದುರೆಶಕ್ತಿಯ ಕಾಂಟಿನೆಂಟಲ್ ಎಂಜಿನ್, ಬಾಲದಡಿ ಪುಟ್ಟ ಚಕ್ರ. ಮೈ ಅಂದರೆ ಸಪೂರ ಉಕ್ಕಿನ ಪೈಪುಗಳ ಹಂದರ, ಅದರ ಮೇಲೆ ಬಟ್ಟೆ. ಅಷ್ಟೇ.

ಹಳೇ ಬಟ್ಟೆ ಕತ್ತರಿಸಿ ತೆಗೆದಾಗ ಬಾಲದ ಕಡೆಯಿಂದ ಒಂದು ಬುಟ್ಟಿ ಇಲಿಗೂಡು ಬಿತ್ತು. ಗೂಡಿಗೆ ನಾನು ನಕ್ಕೆ. ನಗಬಾರದಿತ್ತು. ಇಲಿ ಉಚ್ಚೆ ಉಕ್ಕನ್ನು ತಿನ್ನುವಷ್ಟು ಮಳೆನೀರೂ ತಿನ್ನುವುದಿಲ್ಲ. ಗೋಣಿಚೀಲ ಹೊಲಿಯುವ ದಬ್ಬಣ ತಗೊಂಡು ಕೆಳಗಿನ ಉದ್ದ ಪೈಪುಗಳನ್ನು, ಅಂದರೆ ಲಾಂಗೆರಾನ್‌ಗಳನ್ನು, ಇಂಚಿಂಚಿಗೂ ಒತ್ತುತ್ತಾ ಹೋದೆ. ಒಳ್ಳೇ ಪೈಪಿನ ಮೇಲೆ ದಬ್ಬಣ ಜಾರುತ್ತದೆ. ಬಾಲದ ಹತ್ತಿರ ಎಡಗಡೆ ಅದು ಸೀದಾ ಒಳಗೆ ಹೋಯಿತು. ಪೇಂಟು ಮಾತ್ರ ಪೈಪಿನ ಆಕಾರ ಹಿಡಿದುಕೊಂಡು ನಿಂತಿತ್ತು! ವಿಮಾನದ ಮೈ ಕೆಳಮುಖವಾಗಿ ಇಳಿದು ಬಾಲದಲ್ಲಿ ಮುಗಿಯುತ್ತದೆ, ನಿಂತಾಗ ನೀರೆಲ್ಲ ಅಲ್ಲಿಗೇ ಬರುತ್ತದೆ. ಎಡಕ್ಕೆ ಒಂದೂಕಾಲು ಮೀಟರ್, ಬಲಕ್ಕೆ ಅರವತ್ತು ಸೆಂಟಿಮೀಟರ್ ಪೈಪು ಬದಲಿಸಬೇಕಾಯಿತು.

ಮೊದಲ ದೊಡ್ಡ ತಪ್ಪು ಅಲ್ಲೇ ಮಾಡಿದೆ. ಹುಮ್ಮಸ್ಸಿನಲ್ಲಿ ಕೊಳೆತ ತುಂಡನ್ನು ಗರಗಸದಿಂದ ಕುಯ್ದೆ. ಟಣ್ ಅಂತ ಸದ್ದಾಯಿತು. ಹಂದರ ಒಳಗೊಳಗೇ ಬಿಗಿದುಕೊಂಡಿತ್ತು, ಕುಯ್ದ ಕೂಡಲೇ ಸಡಿಲಗೊಂಡು ವಾಲಿತು. ಮುಂದಿನ ತುದಿಯಿಂದ ಬಾಲದ ಕಂಬದವರೆಗೆ ನಡುವೆ ದಾರ ಕಟ್ಟಿ, ಗಾರೆಯವರ ತೂಕದ ಗುಂಡು ಇಳಿಬಿಟ್ಟು ನೋಡಿದೆ. ಬಾಲ ಒಂಬತ್ತು ಮಿಲಿಮೀಟರ್ ಪಕ್ಕಕ್ಕೆ ಹೋಗಿತ್ತು. ಮೊದಲು ಕಟ್ಟಿಹಾಕಬೇಕಿತ್ತು, ಆಮೇಲೆ ಕುಯ್ಯಬೇಕಿತ್ತು. ಐ-ಬೀಮ್‌ನ ಜಿಗ್, ಅಂದರೆ ಹಂದರವನ್ನು ಅಲುಗಾಡದಂತೆ ಹಿಡಿಯುವ ಚೌಕಟ್ಟು ಮಾಡಿ, ರಸಮಟ್ಟ ಇಟ್ಟು, ಹಂದರವನ್ನು ಹತ್ತು ಕಡೆ ಕ್ಲಾಂಪ್ ಹಾಕಿ ನೇರಕ್ಕೆ ತರಲು ಮೂರು ವಾರ ಹೋಯಿತು. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ವೆಲ್ಡಿಂಗ್ ಸಣ್ಣದು, ಅಳತೆಯೇ ಜಾಸ್ತಿ.

ಹೊಸ ತುಂಡಿಗೆ ಬಳಸಿದ್ದು 4130 ಅನ್ನುವ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಪೈಪು. ಗೋಡೆ ದಪ್ಪ ಒಂದು ಮಿಲಿಮೀಟರ್‌ಗೂ ಕಮ್ಮಿ. ತುದಿಗೆ ತುದಿ ಇಟ್ಟು ಬೆಸೆದರೆ ನಿಲ್ಲುವುದಿಲ್ಲ. ಎರಡೂ ತುದಿಗಳನ್ನು 30 ಡಿಗ್ರಿ ಓರೆಯಾಗಿ ಕತ್ತರಿಸಿ, ಒಳಗೆ ಇನ್ನೊಂದು ಪೈಪಿನ ಸ್ಲೀವ್ ಇಡಬೇಕು. ಆ ಸ್ಲೀವ್ ಕೊಯ್ದ ಜಾಗ ದಾಟಿ ಎರಡೂ ಕಡೆ ಪೈಪಿನ ವ್ಯಾಸದ ಒಂದೂವರೆ ಪಟ್ಟಾದರೂ ಚಾಚಬೇಕು. ಎರಡು ಅಡ್ಡಪೈಪುಗಳ ನಡುವಿನ ಗೂಡಿನ ಮಧ್ಯಭಾಗದಲ್ಲಿ ಜೋಡಣೆ ಬೇಡ, ಒಂದು ಗೂಡಿಗೆ ಒಂದೇ ಜೋಡಣೆ.

ಎರಡೂ ತುದಿ ಜಾಗದಲ್ಲಿ ಕೂತ ಮೇಲೆ ಸ್ಲೀವನ್ನು ಒಳಗೆ ಹಾಕುವುದು ಹೇಗೆ? ಉಪಾಯ ಚೆನ್ನಾಗಿದೆ. ಸ್ಲೀವಿಗೆ ಒಂದು ತೆಳು ವೆಲ್ಡಿಂಗ್ ಕಡ್ಡಿ ಅಂಟಿಸಿ, ಸ್ಲೀವನ್ನು ಪೂರ್ತಿ ಹೊಸ ಪೈಪಿನೊಳಗೆ ತಳ್ಳಿ ಅಡಗಿಸಬೇಕು. ಹಳೇ ಪೈಪಿನಲ್ಲಿ ಸಣ್ಣ ತೂತು ಕೊರೆದು ಕಡ್ಡಿಯ ತುದಿ ಆಚೆ ತರಬೇಕು. ಪೈಪು ಎದುರುಬದುರಾದ ಮೇಲೆ ಕಡ್ಡಿ ಎಳೆದರೆ ಸ್ಲೀವ್ ಅರ್ಧ ಈಚೆ ಬರುತ್ತದೆ. ಲಾಡಿ ಪೋಣಿಸಿದ ಹಾಗೆ.

ವೆಲ್ಡಿಂಗ್ ಕಲಿಸಿದ್ದು ನಿವೃತ್ತರಾದ ಒಬ್ಬ ಹಿರಿಯರು. ಎಪ್ಪತ್ತು ದಾಟಿದ್ದರೂ ಗ್ಯಾಸ್ ಟಾರ್ಚ್ ಹಿಡಿದರೆ ಕೈ ಅಲ್ಲಾಡುವುದಿಲ್ಲ. ಮೇ ತಿಂಗಳ ಶೆಡ್ಡು, ಬೆವರು ಇಳಿಯುತ್ತಿದೆ, ಬಂದವರೇ ಫ್ಯಾನ್ ಆಫ್ ಮಾಡಿದರು.

"ಸಾರ್, ಸೆಕೆ..." ಅಂದೆ.

"ಸೆಕೆ ನಿನಗೆ ಕಣಪ್ಪ. ಪೈಪಿಗೆ ಗಾಳಿ ತಾಗಿದ್ರೆ ಬಿರುಕು ಬಿಡುತ್ತೆ" ಅಂದರು. ನೀರು ಹಾಕಿ ಆರಿಸುವ ಮಾತೇ ಇಲ್ಲ, ತಾನಾಗೇ ತಣ್ಣಗಾಗಬೇಕು. ಮೇಲೊಂದು ಬೆಸುಗೆಯ ಚುಕ್ಕೆ ಇಟ್ಟರೆ ತಕ್ಷಣ ಅದರ ಎದುರು ಕೆಳಗೊಂದು ಚುಕ್ಕೆ. ಇಲ್ಲದಿದ್ದರೆ ಆರುವಾಗ ಬೆಸುಗೆ ಪೈಪನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬೇಡದ ತುಂಡುಗಳ ಮೇಲೆ ನಲವತ್ತು ಜೋಡಣೆ ಮಾಡಿಸಿ, ಗರಗಸದಲ್ಲಿ ಸೀಳಿ ಒಳಗೆ ನೋಡಿದ ಮೇಲೇ ವಿಮಾನ ಮುಟ್ಟಲು ಬಿಟ್ಟರು. ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರು ಪ್ರತಿ ಜೋಡಣೆಯನ್ನೂ ನೋಡಿ ಬರೆದುಕೊಂಡರು, ಅದಿಲ್ಲದೆ ಹಾರುವ ಯೋಚನೆಯೇ ಬೇಡ.

ಪೈಪಿನ ಒಳಗಿನ ತುಕ್ಕಿಗೆ ಹಳೇ ಮದ್ದು ಅಗಸೆ ಎಣ್ಣೆ. ಸುಮಾರು 75 ಡಿಗ್ರಿಗೆ ಕಾಯಿಸಿ, ಸಣ್ಣ ತೂತಿನಿಂದ ಒಳಗೆ ಹುಯ್ದು, ಹಂದರವನ್ನು ಅತ್ತಿತ್ತ ಹೊರಳಿಸಿ, ಬಸಿದು, ತೂತು ಮುಚ್ಚುವುದು. ಅದಕ್ಕೆ ಮುಂಚೆ ಗಾಳಿ ತುಂಬಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ, ಎಲ್ಲಾದರೂ ಸೋರುತ್ತದೆಯೇ ಅಂತ ನೋಡಬೇಕು. ಒಂದು ಜೋಡಣೆ ತುಂಬ ಚೆನ್ನಾಗಿ ಬಂದಿತ್ತು, ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದೆ. ಅದಕ್ಕೆ ಸಾಬೂನು ಹಚ್ಚಲಿಲ್ಲ. ಮಾರನೇ ದಿನ ಸರಿಯಾಗಿ ಅಲ್ಲೇ ಎಣ್ಣೆಯ ಒಂದು ಹನಿ ನಿಂತಿತ್ತು. ಎಣ್ಣೆ ಕುಡಿದ ಪೈಪಿಗೆ ಬೆಂಕಿ ಇಡುವಂತಿಲ್ಲ, ಬೆಸುಗೆ ಗುಳ್ಳೆಗುಳ್ಳೆಯಾಗುತ್ತದೆ. ಆ ತುಂಡನ್ನೇ ಕುಯ್ದು ತೆಗೆದು, ಉಳಿದದ್ದನ್ನು ಥಿನ್ನರ್‌ನಲ್ಲಿ ತೊಳೆದು, ಮತ್ತೆ ಮಾಡಿದೆ. ಹಿರಿಯರು ಏನೂ ಅನ್ನಲಿಲ್ಲ. ಕಾಫಿ ಕುಡಿದು ಹೋದರು.

ಎಪಾಕ್ಸಿ ಪ್ರೈಮರ್ ಆದ ಮೇಲೆ ಬಟ್ಟೆ. ಮೊದಲಿದ್ದದ್ದು ಹತ್ತಿಯದು, ನಾವು ಹಾಕಿದ್ದು ಪಾಲಿಯೆಸ್ಟರ್. ಅಂಚು ಅಂಟಿಸಿ ಇಸ್ತ್ರಿಪೆಟ್ಟಿಗೆಯಿಂದ ಬಿಗಿಗೊಳಿಸುತ್ತಾರೆ, ಹಂತಹಂತವಾಗಿ ಶಾಖ ಏರಿಸಿ ಕೊನೆಗೆ ಸುಮಾರು 177 ಡಿಗ್ರಿ. ಅದು ದಾಟಿದರೆ ಬಟ್ಟೆ ಮತ್ತೆ ಸಡಿಲ. ಮನೆಯ ಇಸ್ತ್ರಿಪೆಟ್ಟಿಗೆಯ ಡಯಲ್ ನಂಬಬೇಡಿ, ಥರ್ಮಾಮೀಟರ್ ಇಟ್ಟು ನೋಡಿದರೆ ನಮ್ಮದು 20 ಡಿಗ್ರಿ ಸುಳ್ಳು ಹೇಳುತ್ತಿತ್ತು. ಅದನ್ನು ಹೆಂಡತಿ ವಾಪಸ್ ತಗೊಂಡಿಲ್ಲ.

ರೆಕ್ಕೆಗಳು ಇನ್ನೂ ಗೋಡೆಗೆ ಒರಗಿವೆ. ರೆಕ್ಕೆಯ ಉದ್ದಕ್ಕೂ ಹೋಗುವ ಮರದ ತೊಲೆ, ಅಂದರೆ ಸ್ಪಾರ್, ಅದರಲ್ಲಿ ಒಂದು ಬೋಲ್ಟಿನ ತೂತಿನ ಪಕ್ಕ ಕೂದಲೆಳೆಯಂಥ ಗೆರೆ ಕಾಣುತ್ತಿದೆ. ಗೆಳೆಯ ಎಷ್ಟು ತಿಂಗಳು ಅಂತ ಕೇಳಿದ. ಈ ಸಲ ನಾನು ಬಾಯಿ ಬಿಡಲಿಲ್ಲ.